ಕುದುರೆ ಹಣೆಗೆ ಸುಳಿ ಬಿದ್ದದ್ದು

ಲೋಕ ಆಗ ಹೊಸದು. ಎಷ್ಟು ಹೊಸದು ಅಂದ್ರೆ, ಆಕಾಶಕ್ಕೆ ಬಳಿದಿದ್ದ ನೀಲಿ ಇನ್ನೂ ಒಣಗಿರ್ಲಿಲ್ಲ. ಹದ್ದು ಮೇಲಕ್ಕೆ ಹಾರಿ ವಾಪಸ್ ಬಂದ್ರೆ ರೆಕ್ಕೆ ತುದಿಗೆಲ್ಲ ನೀಲಿ ಮೆತ್ಕೊಂಡಿರ್ತಿತ್ತು. ಬೆಟ್ಟಗಳು ಆಗ ತಾನೇ ತಿರುವಿಟ್ಟ ರಾಗಿಮುದ್ದೆ ಥರ ಹಬೆಯಾಡ್ತಾ ಕೂತಿದ್ವು.

ಆ ಕಾಲಕ್ಕೇ ಬಿಳೀ ದೊರೆ ಬಂದುಬಿಟ್ಟಿದ್ದ. ಅದು ಹೆಂಗೆ ಅಂತ ಕೇಳ್ಬೇಡಿ. ದೊರೆಗಳು ಎಲ್ಲಾ ಕಡೆಗೂ ಬೇಗ ಬಂದುಬಿಡ್ತಾರೆ. ಸೂರ್ಯ ಮೊದಲನೇ ಸಲ ಹುಟ್ಟಿ ಕಣ್ಣುಜ್ಜಿ ನೋಡಿದಾಗ್ಲೇ ದೊರೆ ಹೊಳೆ ದಂಡೇಲಿ ಕುರ್ಚಿ ಹಾಕ್ಕೊಂಡು, ಛತ್ರಿ ಬಿಚ್ಕೊಂಡು, ಟೀ ಕುಡೀತಿದ್ನಂತೆ.

ಈ ದೊರೆ ಹಡಗಲ್ಲಿ ಒಂದು ಬೀಜದ ಕುದುರೆ ತರಿಸ್ದ. ಸೀಮೆ ರೈತರೆಲ್ಲ ತಮ್ಮ ತಮ್ಮ ಹೆಣ್ಣು ಕುದುರೆಗಳನ್ನ ಇವನ ಹತ್ರ ಹೊಡ್ಕೊಂಡು ಬರ್ಲಿ, ಗಟ್ಟಿಮುಟ್ಟಾದ ಮರಿ ಹುಟ್ಲಿ ಅಂತ ದೊರೆ ಲೆಕ್ಕಾಚಾರ. ಕುದುರೆ ನೋಡೋಕೆ ಬೂದಿ ಬಣ್ಣ, ದಪ್ಪ ದಪ್ಪ ಮೊಣಕಾಲು. ಸ್ವಭಾವ ಮಾತ್ರ ಹತ್ತಿ. ಹುರುಳಿ ಅಂದ್ರೆ ಪ್ರಾಣ ಬಿಡ್ತಿದ್ದ. ಅದಕ್ಕೇ ಲಾಯ ನೋಡ್ಕೊಳ್ತಿದ್ದ ದಸ್ತಗೀರ್ ಸಾಬ್ರು ಅವನಿಗೆ ಹುರುಳಪ್ಪ ಅಂತ ಹೆಸರಿಟ್ಟಿದ್ರು.

ಹುರುಳಪ್ಪನಿಗೆ ಆಸೆ ಅಂತ ಇದ್ದದ್ದು ಒಂದೇ. ತನ್ನ ಹಿಂದೆ ಮುಂದೆ ಸುತ್ತಾಡೋಕೆ ಒಂದು ಪುಟ್ಟ ಮರಿ ಬೇಕು. ದೊಡ್ಡ ಭಯ ಅಂತ ಇದ್ದದ್ದೂ ಒಂದೇ. ತೋಪು.

"ಸುಗ್ಗಿ ಮುಗಿಯೋದ್ರೊಳಗೆ ಯಾರೂ ಹೆಣ್ಣು ಕುದುರೆ ತರ್ಲಿಲ್ಲ ಅಂದ್ರೆ ಇವನನ್ನ ದಂಡಿಗೆ ಕಳಿಸ್ತೀನಿ. ಅಲ್ಲಿ ತೋಪಿನ ಗಾಡಿ ಎಳೀಲಿ," ಅಂತ ದೊರೆ ಅಂದುಬಿಟ್ಟಿದ್ದ. ತೋಪು ಎಳ್ಕೊಂಡು ಹೋದ ಕುದುರೆ ವಾಪಸ್ ಬಂದದ್ದನ್ನ ಯಾರೂ ಕಂಡಿರ್ಲಿಲ್ಲ.

ಸುಗ್ಗಿ ಮುಗೀತಾ ಬಂತು. ಹೆಣ್ಣು ಕುದುರೆ ಒಂದೂ ಬರ್ಲಿಲ್ಲ.

ಬರೋದಾದ್ರೂ ಹೆಂಗೆ? ದೊರೆ ಲಾಯದ ಬಾಗ್ಲಿಗೆ ಒಂದು ಬೋರ್ಡು ಹೊಡೆಸಿದ್ದ. 'ಒಳ್ಳೆ ಬೀಜದ ಕುದುರೆ. ಸಾಧು. ರೋಗ ಇಲ್ಲ.' ಆದ್ರೆ ಓದೋರ್ಯಾರು? ಲೋಕದಲ್ಲಿ ಆಗ ಇದ್ದದ್ದೇ ನಾಲ್ಕೈದು ಅಕ್ಷರ. ಅವನ್ನೂ ದೊರೆ ಪೆಟ್ಟಿಗೇಲಿಟ್ಟು ಬೀಗ ಹಾಕಿದ್ದ. ಜನ ಬಂದು ಬೋರ್ಡಿಗೆ ಕುಂಕುಮ ಹಚ್ಚಿ, ಕೈ ಮುಗಿದು ಹೋಗ್ತಿದ್ರು.

"ಡಂಗುರ ಹೊಡೆಸಿ ದೊರೆ," ಅಂದ್ರು ದಸ್ತಗೀರ್ ಸಾಬ್ರು.

ದಾರೀಲಿ ಹೋಗ್ತಿದ್ದ ಗಾಳಿ ಅದನ್ನ ಕೇಳಿಸ್ಕೊಂಡು ಗಕ್ಕನೆ ನಿಂತ್ಕೊಂಡ. "ನಾನಿಲ್ವಾ? ನಾನೇ ಸಾರ್ತೀನಿ. ನಂಗೆ ತಮಟೆನೂ ಬೇಡ, ಕೂಲಿನೂ ಬೇಡ. ಕೇಳೋ ಕಿವಿ ಇದ್ರೆ ಸಾಕು."

"ಬೋರ್ಡಲ್ಲಿ ಇರೋದಷ್ಟೇ ಹೇಳ್ಬೇಕು," ಅಂದ ದೊರೆ.

"ಅಷ್ಟೇ ದೊರೆ. ಒಂದು ಮಾತು ಆಚೀಚೆ ಆಗಲ್ಲ," ಅಂದು ಗಾಳಿ ಹೊರಟ.

ಮೊದಲನೇ ಊರಲ್ಲಿ ಹಾಗೇ ಹೇಳ್ದ. "ಒಳ್ಳೆ ಬೀಜದ ಕುದುರೆ ಬಂದೈತೆ! ಸಾಧು! ರೋಗ ಇಲ್ಲ!"

ಕಣದಲ್ಲಿ ರಾಗಿ ತೂರ್ತಿದ್ದೋರು ತಲೆ ಎತ್ತಿ ನೋಡ್ಲಿಲ್ಲ. "ಹೌದಾ? ಇರ್ಲಿ ಇರ್ಲಿ. ಇಲ್ಲೇ ನಿಂತು ಸ್ವಲ್ಪ ಜೋರಾಗಿ ಬೀಸಪ್ಪ, ಹೊಟ್ಟು ಹಾರ್ಲಿ," ಅಂದ್ರು.

ಗಾಳಿಗೆ ಮುಖಕ್ಕೆ ಹೊಡೆದಂಗಾಯ್ತು. ತನ್ನ ಮಾತಿಗಿಂತ ಹೊಟ್ಟೇ ಹೆಚ್ಚಾಯ್ತಾ ಇವರಿಗೆ?

ಮುಂದಿನ ಊರಲ್ಲಿ ಒಂಚೂರು ಒಗ್ಗರಣೆ ಹಾಕ್ದ. "ಆನೆಯಷ್ಟು ಎತ್ತರದ ಕುದುರೆ ಬಂದೈತೆ!" ಜನ ಮೊರ ಕೆಳಗಿಟ್ರು. ಅದರ ಮುಂದಿನ ಊರಲ್ಲಿ ಇನ್ನೊಂದು ಸೌಟು ಹಾಕ್ದ. ಅಲ್ಲಿ ಮುದುಕರೆಲ್ಲ ಕೋಲು ಬಿಟ್ಟು ಎದ್ದು ನಿಂತ್ರು. ಗಾಳಿಗೆ ಅಮಲೇರ್ತು. ಸೀಮೆಯೆಲ್ಲ ಸುತ್ತಿ ಹೊಳೆ ಆಚೆ ದಡಕ್ಕೆ ಬರೋ ಹೊತ್ತಿಗೆ ಅವನು ಏನು ಸಾರ್ತಿದ್ದ ಅನ್ನೋದು ಈಚೆ ದಡದ ಲಾಯಕ್ಕೂ ಕೇಳಿಸ್ತು.

"ಕೇಳ್ರಪ್ಪೋ ಕೇಳ್ರಿ! ಸಿಡಿಲಿನ ಹೊಟ್ಟೇಲಿ ಹುಟ್ಟಿದ ಕುದುರೆ!"

ಹುರುಳಪ್ಪ ಮೇವು ತಿನ್ನೋದು ನಿಲ್ಲಿಸ್ದ. "ಸಾಬ್ರೇ, ಯಾರ ವಿಷ್ಯ ಅದು?"

"ನಿಂದೇ ಬೇಟಾ."

"ನಂದಾ?"

"ಇವನ ಮರಿ ಹುಟ್ಟಿದ ದಿನಾನೇ ನೊಗ ಎಲ್ಲಿ, ನೇಗಿಲು ಎಲ್ಲಿ ಅಂತ ಕೇಳ್ತೈತೆ!" ಅಂತ ಗಾಳಿ ಮತ್ತೆ ಕೂಗ್ದ.

"ಇದೂ ನಂದಾ?"

"ನಿಂದೇ ಬೇಟಾ. ಇಲ್ಲಿ ಬೇರೆ ಕುದುರೆ ಯಾರಿದ್ದಾರೆ?"

"ಒಂದೇ ನೆಗೆತಕ್ಕೆ ಹೊಳೆ ದಾಟ್ತಾನೆ! ನಾಳೆ ಬೆಳಿಗ್ಗೆ ಎಲ್ಲರ ಕಣ್ಣೆದುರಿಗೇ ದಾಟ್ತಾನೆ! ಬನ್ರಪ್ಪೋ ಬನ್ರಿ!"

ಹುರುಳಪ್ಪನ ಬಾಯಲ್ಲಿದ್ದ ಹುರುಳಿ ಬಾಯಲ್ಲೇ ನಿಂತೋಯ್ತು. ಮೈಮೇಲಿನ ನೊಣ ಕೂಡ ಬೆಚ್ಚಿ ಎದ್ದೋಯ್ತು. ಹೊಳೆ ದಾಟೋದಾ? ಹಡಗಲ್ಲಿ ಬರುವಾಗ ನೀರು ನೋಡಿ ನೋಡಿ ಹೆದರಿ, ಆವತ್ತಿಂದ ಬಾನೀಲಿ ನೀರು ಕುಡಿಯುವಾಗ್ಲೂ ಕಣ್ಣು ಮುಚ್ಕೊಳ್ತಿದ್ದ ಪ್ರಾಣಿ ಅದು!

ಬೆಳಿಗ್ಗೆ ನೋಡಿದ್ರೆ ಹೊಳೆ ದಂಡೆ ಕಾಣಿಸ್ತಾನೇ ಇಲ್ಲ, ಜನ. ಕಪ್ಪು ಕುದುರೆ, ಕೆಂಪು ಕುದುರೆ, ಚುಕ್ಕೆ ಕುದುರೆ, ಹೆಣ್ಣು ಕುದುರೆ ಅನ್ನೋದೆಲ್ಲ ಹಗ್ಗ ಹಿಡಿಸ್ಕೊಂಡು ಬಂದು ನಿಂತಿದ್ವು. ಎಲ್ಲರಿಗಿಂತ ಮುಂದೆ ಸಣ್ಣೀರಮ್ಮ ಅನ್ನೋ ಅಜ್ಜಿ. ಒಂದು ಕೈಯಲ್ಲಿ ಕೆಂಪಿ ಅನ್ನೋ ತನ್ನ ಕುದುರೆ ಹಗ್ಗ, ಸೊಂಟದ ಮೇಲೆ ಇನ್ನೂ ಅಂಬೆಗಾಲಿಡೋ ಮೊಮ್ಮಗಳು.

ದಸ್ತಗೀರ್ ಸಾಬ್ರು ಹುರುಳಪ್ಪನನ್ನ ಈಚೆ ತಂದ್ರು. ಜನ ಅವನ ಹಿಂದೆ ನೋಡಿದ್ರು, ಅಕ್ಕಪಕ್ಕ ನೋಡಿದ್ರು.

"ಸಾಬಣ್ಣ, ಸಿಡಿಲು ಎಲ್ಲಿ?" ಅಂದ್ಳು ಸಣ್ಣೀರಮ್ಮ.

"ಇವನೇ ಅವ್ವ."

"ಇವನಾ! ನಮ್ಮನೆ ಒಲೆ ಬೂದಿ ಎದ್ದು ಬಂದಂಗವ್ನಲ್ಲ! ಆಗ್ಲಿ. ರೂಪ ಕಟ್ಕೊಂಡು ಏನಾಗ್ಬೇಕು, ನೆಗೀಲಿ ನೋಡೋಣ."

"ನೆಗೀಲಿ! ನೆಗೀಲಿ!" ಅಂತು ಜನ.

ದೊರೆ ಟೀ ಕಪ್ಪು ಹಿಡ್ಕೊಂಡೇ ಎದ್ದು ಬಂದ. ಅವನು ಹೇಳಿ ಕಳಿಸಿದ್ದು ಸಾಧು ಅಂತ. ಇದೇನಿದು ಹೊಳೆ ನೆಗೆಯೋದು? ಆದ್ರೆ ಅಷ್ಟು ಜನ ನೋಡಿ ಅವನಿಗೂ ಆಸೆ ಹುಟ್ತು. ಹುರುಳಪ್ಪನ ಕಿವಿ ಹತ್ರ ಬಗ್ಗಿ, "ನೆಗಿ. ಇಲ್ಲ ಅಂದ್ರೆ ತೋಪು," ಅಂದ.

ಹುರುಳಪ್ಪ ನೀರಿನ ಅಂಚಿಗೆ ಹೋಗಿ ಮೆಲ್ಲಗೆ ಕೇಳ್ದ. "ಹೊಳೆಯವ್ವ, ಒಂದೇ ಒಂದು ಗಳಿಗೆ ಸ್ವಲ್ಪ ಕಿರಿದಾಗ್ತೀಯಾ?"

"ಅಯ್ಯೋ ನನ್ನ ಮಗನೆ," ಅಂದ್ಳು ಹೊಳೆ, "ಮಳೆಗಾಲದ ನೀರೆಲ್ಲ ಇನ್ನೂ ಹೊಟ್ಟೇಲೇ ಐತೆ. ಎಲ್ಲಿಂದ ಕಿರಿದಾಗ್ಲಿ? ಬೀಳೋದಾದ್ರೆ ಈ ಕಡೆ ಕೆಸರಲ್ಲಿ ಬೀಳು, ಮೆತ್ತಗೈತೆ."

ಬೇರೆ ದಾರಿ ಇರ್ಲಿಲ್ಲ. ಹುರುಳಪ್ಪ ಹಿಂದಕ್ಕೆ ಹೋದ, ಕಣ್ಣು ಮುಚ್ಚಿದ, ಓಡಿ ಬಂದ, ನೆಗೆದ.

ದುಡುಂ!

ಎಲ್ಲಿಗೆ ಬಿದ್ದ? ದಡದಿಂದ ಒಂದು ಎಮ್ಮೆ ಮಲಗೋವಷ್ಟು ದೂರಕ್ಕೆ. ನೀರು ಎದ್ದ ರಭಸಕ್ಕೆ ಮೀನುಗಳೆಲ್ಲ ಹಾರಿ ಹುಣಸೆ ಮರದ ಕೊಂಬೆ ಮೇಲೆ ಕೂತ್ಕೊಂಡ್ವು. ದೊರೆ ಟೀ ಕಪ್ಪಲ್ಲಿ ಒಂದು ಕಪ್ಪೆ ಬಂದು ಈಜ್ತಾ ಇತ್ತು.

ಜನ ಮುಖದ ಮೇಲಿನ ಕೆಸರು ಒರೆಸ್ಕೊಂಡ್ರು.

ಯಾರೋ ಕೂಗಿದ್ರು. "ಸಿಡಿಲು ನೀರಿಗೆ ಬಿದ್ದು ಆರೋಯ್ತು ಕಣ್ರಪ್ಪೋ!"

"ಎಲ್ಲೋ ಆ ಸುಳ್ಳುಬುರುಕ ಗಾಳಿ? ಅವನ್ನ ಹಿಡೀರೋ!" ಅಂದ್ಳು ಸಣ್ಣೀರಮ್ಮ.

ಬಿದಿರುಮೆಳೆ ಹಿಂದೆ ಅವಿತು ನೋಡ್ತಿದ್ದ ಗಾಳಿ ಗಡಗಡ ನಡುಗಿಹೋದ. ನಡುಗಿದ್ದೇ ಎದ್ದ, ಎದ್ದದ್ದೇ ಜನರ ನಡುವೇನೇ ನುಗ್ಗಿ ಓಡ್ದ. ರುಮಾಲುಗಳೆಲ್ಲ ಹಾರಿದ್ವು. ದೊರೆ ಟೋಪಿ ಹೊಳೆ ಪಾಲಾಯ್ತು. ಧೂಳೆದ್ದು ಹಗಲೇ ಕತ್ತಲಾಯ್ತು. ಹೆಣ್ಣು ಕುದುರೆಗಳೆಲ್ಲ ಹೆದರಿ, ಹಗ್ಗ ಕಿತ್ಕೊಂಡು, ದಂಡೆ ತುಂಬ ದಿಕ್ಕಾಪಾಲು ಓಡಿದ್ವು. ಕೆಂಪಿ ಹಗ್ಗ ಎಳೆದ ಎಳೆತಕ್ಕೆ ಸಣ್ಣೀರಮ್ಮ ಜಾರಿ ಕೂತ್ಳು. ಸೊಂಟದ ಮೇಲಿದ್ದ ಮಗು ಕೆಳಗಿಳೀತು.

ಮಗುವಿಗೇನು ಗೊತ್ತು? ಅಂಬೆಗಾಲಿಟ್ಕೊಂಡು ನೀರಿನ ಕಡೆ ಹೊರಟ್ತು.

ಅದೇ ಹೊತ್ತಿಗೆ ಹುರುಳಪ್ಪ ಕೆಸರಿಂದ ಮೇಲೆ ಬರ್ತಿದ್ದ. ಮೈಯೆಲ್ಲ ನೀರು, ಮನಸ್ಸೆಲ್ಲ ತೋಪು. ಒಂದು ಮುಂಗಾಲು ದಡದ ಮೇಲೆ ಊರಿದ್ದ. ಇನ್ನೊಂದನ್ನ ಎತ್ತಿ ಇಡ್ಬೇಕು, ಬಗ್ಗಿ ನೋಡಿದ್ರೆ ಕಾಲಿಡೋ ಜಾಗದಲ್ಲೇ ಮಗು ಕೂತೈತೆ! ಅವನು ಊರಿದ್ದ ಕಾಲನ್ನ ಎರಡೂ ಕೈಯಿಂದ ತಬ್ಬಿ ಹಿಡ್ಕೊಂಡು, ಮೇಲೆ ನೋಡಿ ನಗ್ತಾ ಐತೆ!

ಹುರುಳಪ್ಪ ಎತ್ತಿದ ಕಾಲು ಎತ್ತಿದ ಹಾಗೇ ನಿಂತ್ಬಿಟ್ಟ.

ಅತ್ತ ಕುದುರೆಗಳು ಅರಚ್ಕೊಂಡು ಓಡ್ತಿದ್ವು. ಅವನು ಕಾಲಿಡ್ಲಿಲ್ಲ. ಗಾಳಿ ಕಣ್ಣಿಗೆ ಮರಳು ಎರಚ್ದ. ಕಾಲಿಡ್ಲಿಲ್ಲ. ದೊರೆ ಛತ್ರಿ ಹಾರಿ ಬಂದು ಮೂಗಿಗೆ ಫಟ್ ಅಂತ ಹೊಡೀತು. ಆಗ್ಲೂ ಕಾಲಿಡ್ಲಿಲ್ಲ. ಮೂರು ಕಾಲಲ್ಲಿ ನಿಂತು ನಿಂತು ಮೊಣಕಾಲು ತರತರ ನಡುಗ್ತಿತ್ತು. ಕೆಸರು ಜಾರ್ತಿತ್ತು.

ಧೂಳು ಕೂತ ಮೇಲೆ ಸಣ್ಣೀರಮ್ಮ ನೋಡಿದ್ಳು. ಜನ ಎಲ್ಲ ನೋಡ್ತು. ಅಜ್ಜಿ ಮೆಲ್ಲಗೆ, ಮೊಟ್ಟೆ ಮೇಲೆ ನಡೆದ ಹಾಗೆ ನಡೆದು ಬಂದು, ಆ ಪುಟ್ಟ ಬೆರಳುಗಳನ್ನ ಒಂದೊಂದಾಗಿ ಬಿಡಿಸಿ, ಮಗೂನ ಎತ್ಕೊಂಡ್ಳು.

ಆಮೇಲೆ ಹುರುಳಪ್ಪ ಕಾಲು ಕೆಳಗಿಟ್ಟ.

ಓಡ್ತಿದ್ದ ಗಾಳಿ ಕೂಡ ನಡುದಾರೀಲಿ ನಿಂತುಬಿಟ್ಟಿದ್ದ. ಎಲೆ ಅಲ್ಲಾಡ್ಲಿಲ್ಲ.

"ಅಷ್ಟೆಲ್ಲ ಬೊಗಳಿದ್ಯಲ್ಲೋ," ಅಂದ್ಳು ಸಣ್ಣೀರಮ್ಮ. "ಇದನ್ನ ಯಾಕೋ ಹೇಳ್ಲಿಲ್ಲ?"

ಗಾಳಿ ತಲೆ ತಗ್ಗಿಸ್ದ. "ನಂಗೇ ಗೊತ್ತಿರ್ಲಿಲ್ಲ ಕಣವ್ವ. ಲೋಕದಲ್ಲಿರೋ ಸುಳ್ಳೆಲ್ಲ ಹೇಳ್ದೆ. ಈ ಒಂದು ನಿಜ ನಂಗೆ ಹೊಳೀಲೇ ಇಲ್ಲ."

ಅಷ್ಟರಲ್ಲಿ ಕೆಂಪಿ ತಾನೇ ತಿರುಗಿ ಬಂದು ಹುರುಳಪ್ಪನ ಪಕ್ಕ ನಿಂತಿದ್ಳು. "ಅಜ್ಜಿ, ನಂಗೆ ಸಿಡಿಲು ಗಿಡಿಲು ಬೇಡ," ಅಂದ್ಳು. "ಸಿಡಿಲು ಮರಿಗೆ ಹಾಲು ಕುಡಿಸೋಕೆ ಹೋಗಿ ನಾನು ಸುಟ್ಟೋಗ್ಲಾ? ನಂಗೆ ಇವನೇ ಆಗ್ಬೇಕು."

ಮಿಕ್ಕೋರು ಮಾತ್ರ ಅನುಮಾನ ಮಾಡಿದ್ರು. "ಇವತ್ತು ಒಂದು ಸಲ ಕಂಡ್ವಿ, ಸಾಧು ಅಂತ ಗಾಳೀನೂ ಅಂತಾನೆ. ನಾಳೆ ಇದೇ ಗಾಳಿ ಇದಕ್ಕೂ ರೆಕ್ಕೆಪುಕ್ಕ ಕಟ್ತಾನೆ. ಇವನ ಬಾಯಿ ನಂಬಿ ಕುದುರೆ ತರೋದು ಹೆಂಗೆ?"

ದೊರೆ ಮುಖ ಗಂಟಾಯ್ತು. ಹುರುಳಪ್ಪನಿಗೆ ಮತ್ತೆ ತೋಪಿನ ಚಕ್ರ ಕಿವೀಲಿ ಉರುಳ್ತು.

ಆಗ ಸಣ್ಣೀರಮ್ಮ ಸೆರಗು ಸಿಕ್ಕಿಸ್ಕೊಂಡು ಮುಂದೆ ಬಂದ್ಳು. "ಏ ದೊರೆ, ನಾವೇನಾದ್ರೂ ಹೇಳಿದ್ರೆ ನಮ್ಮ ಕೈಲಿ ಹೆಬ್ಬೆಟ್ಟು ಒತ್ತಿಸ್ಕೊಳ್ತೀಯಲ್ಲ? ಇವನ ಕೈಲೂ ಒತ್ತಿಸು! ಹೆಬ್ಬೆಟ್ಟು ಒತ್ತಿದ ಮೇಲೆ ಮಾತು ತಿರುಗಿಸೋ ಹಾಗಿಲ್ಲ."

"ಸರಿ ಸರಿ! ಹೆಬ್ಬೆಟ್ಟು!" ಅಂದ್ರು ಎಲ್ಲರೂ.

ದೊರೆ ಕಾಗದ ತಂದ. ಗಾಳಿ ಹತ್ರ ಬಂದದ್ದೇ ತಡ, ಕಾಗದ ಹಾರೋಯ್ತು. ಬಾಳೆ ಎಲೆ ತಂದ್ರು. ಸೀಳೋಯ್ತು. ಕಣದ ಮಣ್ಣಲ್ಲಿ ಒತ್ತು ಅಂದ್ರು. ಧೂಳಾಗಿ ಎದ್ದೋಯ್ತು.

"ಹಾರದೇ, ಹರಿಯದೇ ನಿಲ್ಲೋದು ಇಲ್ಲಿ ಇವನೊಬ್ಬನೇ," ಅಂದ್ರು ದಸ್ತಗೀರ್ ಸಾಬ್ರು, ಹುರುಳಪ್ಪನ ಕುತ್ತಿಗೆ ಸವರ್ತಾ. "ಇವನ ಮೇಲೇ ಒತ್ತಲಿ."

ಹುರುಳಪ್ಪ ತಲೆ ಬಗ್ಗಿಸ್ದ. ಹಣೆ ಕೂದಲೆಲ್ಲ ಹೊಳೆ ನೀರಲ್ಲಿ ನೆಂದು ಮೆತ್ತಗಿತ್ತು. ಗಾಳಿ ನಾಚ್ಕೊಂಡು ಹತ್ರ ಬಂದ. "ಇವನು ಸಾಧು. ಇಷ್ಟೇ ನಿಜ. ಇದಕ್ಕೆ ನನ್ನ ಹೆಬ್ಬೆಟ್ಟು," ಅಂದು, ಎರಡೂ ಕಣ್ಣಿನ ನಡುವೆ ಹೆಬ್ಬೆರಳಿಟ್ಟು, ಒತ್ತಿ, ಒಂದು ಸುತ್ತು ತಿರುವಿದ.

ತಣ್ಣಗಾಯ್ತು. ಹುರುಳಪ್ಪ ಬೆಚ್ಚಿ ಸೀನಿದ. ಕೂದಲು ಗಿರ್ರಂತ ಸುತ್ಕೊಂಡು, ಬಿಸಿಲಿಗೆ ಹಾಗೇ ಒಣಗಿ ಕೂತ್ಕೊಂಡ್ತು. ದೊರೆ ಉಜ್ಜಿ ನೋಡ್ದ, ಹೋಗ್ಲಿಲ್ಲ. ಸಣ್ಣೀರಮ್ಮ ಬಾಚಣಿಗೆಯಿಂದ ಬಾಚಿ ನೋಡಿದ್ಳು, ಹೋಗ್ಲಿಲ್ಲ. ಆಗ ಜನ ನಂಬಿದ್ರು.

ಮಾರನೇ ವರ್ಷ ಕೆಂಪಿಗೆ ಮರಿ ಹುಟ್ತು. ಅದು ನೇಗಿಲೂ ಕೇಳ್ಲಿಲ್ಲ, ನೊಗಾನೂ ಕೇಳ್ಲಿಲ್ಲ. ಎದ್ದು ನಿಂತು ಬಿತ್ತು, ಮತ್ತೆ ಎದ್ದು ನಿಂತ್ಕೊಂಡು ನೇರ ಅಪ್ಪನ ಹುರುಳಿ ಬಾನಿಗೇ ಮೂತಿ ಹಾಕ್ತು. ಹುರುಳಪ್ಪ ಬಗ್ಗಿ ಮೂಸಿ ನೋಡ್ದ. ಆ ಪುಟ್ಟ ಹಣೆ ಮೇಲೂ ಅದೇ ಸುತ್ತು! ಅವನು ಬಾಯಿ ಬಿಟ್ಕೊಂಡು ನಿಂತೋನು ಆವತ್ತು ಸಾಯಂಕಾಲದವರೆಗೂ ಮುಚ್ಲಿಲ್ವಂತೆ. ತೋಪಿನ ಗಾಡಿ ಬಂದು ಕಾದು ಕಾದು, ಕೊನೆಗೆ ದೊರೆ ತಾನೇ ಅದನ್ನ ತಳ್ಕೊಂಡು ಹೋದ.

ಗಾಳಿ ಆಮೇಲಾದ್ರೂ ಬುದ್ಧಿ ಕಲಿತ್ನಾ ಅಂದ್ರೆ, ಎಲ್ಲಿ ಕಲೀತಾನೆ! ಅದಕ್ಕೇ ನೋಡಿ, ಇವತ್ತಿಗೂ ಕುದುರೆ ಕೊಳ್ಳೋರು ಮಾರೋನ ಮಾತಿಗೆ ಕಿವಿಗೊಡದೆ ಮೊದಲು ಹಣೆ ಮೇಲಿನ ಸುಳಿ ಹುಡುಕ್ತಾರೆ, ಮತ್ತೆ ಜೋರಾಗಿ ಗಾಳಿ ಬೀಸಿದ ಕೂಡ್ಲೇ ಎಂಥಾ ಕುದುರೆ ಆದ್ರೂ ಗಾಬರಿಯಾಗಿ, ಕಣ್ಣು ಅಗಲ ಮಾಡಿ, ಕಿವಿ ನೆಟ್ಟಗೆ ನಿಲ್ಲಿಸ್ಕೊಂಡು ಕೇಳುತ್ತೆ: ಅಯ್ಯಯ್ಯಪ್ಪ, ಇವನು ಇವತ್ತು ನನ್ನ ಬಗ್ಗೆ ಏನು ಸಾರ್ಕೊಂಡು ಬರ್ತಿದ್ದಾನೋ!