ತಂಗೆವ್ವ ಹಂತಿ ಹೊಡೆದ ಕೌದಿ

ಒಂದಾನೊಂದು ಕಾಲದಲ್ಲಿ, ಹರಿದ ಸೀರೇನ ಯಾರೂ ಬಿಸಾಕದೇ ಇದ್ದ ಕಾಲದಲ್ಲಿ, ಬಾಳವ್ವ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು. ಆ ಮನೇಲಿ ಒಂದು ಪದ್ಧತಿ. ಹೊಸ ಸೊಸೆ ಹಳೇ ಸೀರೆ ಕೂಡಿಸಿ ಒಂದು ಕೌದಿ ಹೊಲಿದು ಅತ್ತೆಯ ಕೈಲಿ ಸೈ ಅನ್ನಿಸಿಕೊಂಡ ಮೇಲೇನೇ ಪಂಚಮಿ ಹಬ್ಬಕ್ಕೆ ತವರಿಗೆ ಹೋಗಬೇಕು. ಮೊದಲಿನ ಇಬ್ಬರೂ ಹೊಲಿದು ಹೋಗಿಬಂದವರೇ. ಮೂರನೆಯವಳು ತಂಗೆವ್ವ, ಅಪ್ಪನ ಕಣದಲ್ಲಿ ಎತ್ತಿನ ಹಿಂದೆ ಸುತ್ತುತ್ತಾ, ತೆನೆ ತುಳಿಸುತ್ತಾ ಹಂತಿ ಹೊಡೆದು ಬೆಳೆದ ಹುಡುಗಿ, ಸೂಜಿ ಹಿಡಿದವಳೇ ಅಲ್ಲ. ತವರೂರಲ್ಲಿ ಜೋಕಾಲಿ ಕಟ್ಟಿರ್ತಾರೆ, ಗೆಳತಿಯರೆಲ್ಲ ಜೀಕ್ತಿರ್ತಾರೆ, ನಾನೊಬ್ಬಳೇ ಇಲ್ಲಿ ಅಂತ ಅವಳು ರೊಟ್ಟಿ ಅರ್ಧಕ್ಕೇ ಬಿಟ್ಟು ಏಳ್ತಿದ್ದಳಂತೆ.

ಆಮೇಲೆ ಸೀರೆ ಹಾಸಿದಳು, ಗಡಿಬಿಡೀಲಿ ನಾಲ್ಕೂ ಅಂಚು ಮೊದಲು ಹೊಲಿದುಬಿಟ್ಟಳು, ನಡುವೆ ಬಟ್ಟೆಯೆಲ್ಲ ಉಬ್ಬಿ ನಿಂತಿತಂತೆ. ಬಾಳವ್ವ ನೋಡಿ, ಇದನ್ನ ಹೊದಕೊಳ್ಳೋದೇನವ್ವಾ, ಎಣ್ಣ್ಯಾಗ ಕರಿದು ತಿನ್ನೋದೋ ಅಂದಳಂತೆ.

ಬಿಚ್ಚಿ ಮತ್ತೆ ಹೊಲಿದಳು. ಈ ಸಲ ತೊಡೆ ಮೇಲೆ ಹರವಿಕೊಂಡು ಸಂಜೆವರೆಗೂ ತಲೆ ಎತ್ತದೆ ಹೊಲಿದು, ಅತ್ತಿ, ಮುಗೀತು ನೋಡ್ರಿ ಅಂತ ಎದ್ದು ನಿಂತರೆ ಕೌದಿಯೂ ಜೊತೇಲೇ ಎದ್ದು ನಿಂತಿತಂತೆ. ಉಟ್ಟ ಸೀರೆಗೇ ಸೇರಿಸಿ ಹೊಲಿದುಬಿಟ್ಟಿದ್ದಳು. ದೊಡ್ಡ ಸೊಸೆ ಹೊಟ್ಟೆ ಹಿಡಕೊಂಡು ನಕ್ಕು, ಛಲೋ ಆತು ಬಿಡ, ತವರಿಗೆ ಹೋದ್ರೆ ಹಾಸಿಗಿ ಕೇಳೋದು ಬ್ಯಾಡ ಅಂದಳಂತೆ. ತಂಗೆವ್ವನಿಗೆ ನಗೂನೂ ಬಂತು, ಅಳೂನೂ ಬಂತು.

ನಾಳೆ ತವರಿಂದ ಅಣ್ಣ ಕರಕೊಂಡು ಹೋಗೋಕೆ ಎತ್ತಿನ ಚಕ್ಕಡಿ ಕಟ್ಟಿಕೊಂಡು ಬರ್ತಾನೆ, ಇವತ್ತೇ ಕಡೇ ದಿನ. ಆಮೇಲೆ ಅವಳೇನು ಮಾಡಿದಳು ಗೊತ್ತಾ? ನಿದ್ದೆ ಬಂತೇನೋ ಮಗಾ, ಹ್ಞೂಂ ಅನ್ನು. ಉಟ್ಟ ಸೀರೇನ ಮೊಣಕಾಲಿಂದ ಮೇಲೆ ಬಿಗಿದು ಕಚ್ಚೆ ಹಾಕಿದಳು. ಅಂಗಳದಲ್ಲಿ ಬಿಚ್ಚಿದ ಬಟ್ಟೆ ಹಾಸಿ, ಕಣದ ನಡುವೆ ಮೇಟಿ ಕಂಬ ಇರುತ್ತಲ್ಲ ಹಾಗೆ, ಸರೀ ನಡುವೆ ಒಂದು ನೀರು ತುಂಬಿದ ತಂಬಿಗೆ ಇಟ್ಟಳು. ಅದರ ಸುತ್ತ ಕುಕ್ಕರಗಾಲಲ್ಲಿ ಸರಕೊಂಡು, ಸುಕ್ಕನ್ನೆಲ್ಲ ಹೊರಗೆ ತಳ್ಳುತ್ತಾ, ಹಂತಿ ಪದ ಹಾಡ್ತಾ, ಸುತ್ತಿನ ಹೊರಗೊಂದು ಸುತ್ತು ಹಾಕ್ತಾ ಹೊಲಿದಳಂತೆ. ಹಾಡು ಕೇಳಿ ಓರಗಿತ್ತಿಯರು ಬಂದರು, ಒಬ್ಬಳು ದಾರ ಪೋಣಿಸಿದಳು, ಒಬ್ಬಳು ಸೊಲ್ಲಿಗೆ ಸೊಲ್ಲು ಸೇರಿಸಿದಳು.

ಬೆಳಗ್ಗೆ ಬಾಳವ್ವ ಕೌದಿ ಜಗ್ಗಿದಳು, ಎಳೆ ಹರೀಲಿಲ್ಲ. ಬೆಳಕಿಗೆ ಹಿಡಿದಳು, ಸುಕ್ಕಿಲ್ಲ. ಮೂಗು ಮುರಿದು, ಕೌದಿ ಹೊಲಿ ಅಂದ್ರ ಕಣಾ ಮಾಡಿ ಇಟ್ಟೀಯಲ್ಲ ಅಂದಳು. ಅತ್ತೆ ಒಳಗೆ ಹೋಗಿ ಒಂದು ಶೇಂಗಾ ಉಂಡಿ ತಂದಳಂತೆ. ಹಸಿದ ಕೌದಿ ಹೊದ್ದವರಿಗೆ ನಿದ್ದಿ ಬರೂದಿಲ್ಲ ಅಂತ ಚೂರು ಮುರಿದು, ಹೊಲಿಯದೆ ಬಿಟ್ಟಿದ್ದ ಕಡೇ ಮೂಲೆಯೊಳಗೆ ಇಟ್ಟು, ತಾನೇ ಸೂಜಿ ತಗೊಂಡು ಬಾಯಿ ಹೊಲಿದಳಂತೆ. ಆಮೇಲೆ ಆ ಕೌದೀನ ಅಣ್ಣ ತಂದ ಚಕ್ಕಡೀಲಿ ಹಾಸಿ, ಹತ್ತು ಯವ್ವಾ, ದಾರಿ ಭಾಳ ಕುಲುಕ್ತದ, ಬಂದಮ್ಯಾಲೆ ನನಗೂ ಈ ಸುತ್ತಿನ ಹೊಲಿಗಿ ಕಲಿಸು ಅಂದಳಂತೆ.

ತಂಗೆವ್ವ ಆ ಪಂಚಮೀಲಿ ಜೋಕಾಲಿ ಜೀಕಿದ್ದು ಎಷ್ಟು ಎತ್ತರ ಅಂದರೆ ಕಾಲಿಗೆ ಬೇವಿನೆಲೆ ತಾಗ್ತಿತ್ತಂತೆ. ಅವರೆಲ್ಲ ಅಲ್ಲಿ ಚೆನ್ನಾಗಿದ್ದಾರೆ, ನಾವಿಲ್ಲಿ ಬೆಚ್ಚಗಿದ್ದೀವಿ. ಕತೆ ಮುಗೀತು, ಕಣ್ಣು ಮುಚ್ಚು.