ಮೋಟಾರಿನ ಕಾಲು

ಹೊಳೆಯ ನಡುಗಡ್ಡೆಯ ಮಠದಲ್ಲಿ ಶಾಂತಲಿಂಗ ಅಜ್ಜಾರು ಎಂಬ ಗುರುಗಳಿದ್ದರು. ಗುರುಗಳೆಂದರೆ ಸದಾ ಮುಗುಳ್ನಗುವವರು ಎಂದುಕೊಂಡವರು ಈ ಕಥೆಯನ್ನು ಇಲ್ಲಿಗೇ ಬಿಡಬಹುದು. ಅಜ್ಜಾರಿಗೆ ಮೂಗಿನ ತುದಿಯಲ್ಲೇ ಸಿಟ್ಟು.

ಶಿಷ್ಯನ ಹೆಸರು ಅಡಿವೆಪ್ಪ. ಅಂಥ ಶಿಷ್ಯ ಸಿಕ್ಕರೆ ಯಾರಿಗಾದರೂ ಸಿಟ್ಟು ಬಂದೀತು.

ಮಠಕ್ಕೊಂದು ದೋಣಿ ಇತ್ತು. ಅದರ ಹಿಂದಿನ ಹಲಗೆಗೆ ಸಿಕ್ಕಿಸುವ ಸಣ್ಣ ಹಳೇ ಮೋಟಾರೊಂದಿತ್ತು. ಅದನ್ನು ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಗಿತ್ತೋ. ಅಡಿವೆಪ್ಪ ದಿನಾ ಬೆಳಿಗ್ಗೆ ಮೋಟಾರಿನ ತಲೆ ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸುತ್ತಿದ್ದ.

ನೀರೊಳಗೆ ಮುಳುಗಿ ದುಡಿಯುವ ಭಾಗ ಬೇರೆಯೇ ಇದೆ. ಗೇರು, ನೀರು ತಳ್ಳುವ ಫ್ಯಾನು ಎಲ್ಲ ಅಲ್ಲೇ. ಮಠದವರು ಅದನ್ನು ಮೋಟಾರಿನ ಕಾಲು ಅನ್ನುತ್ತಿದ್ದರು. ಆ ಕಾಲಿನ ಎಣ್ಣೆ ಬದಲಿಸಬೇಕೆಂದು ಅಡಿವೆಪ್ಪನಿಗೆ ಒಮ್ಮೆಯೂ ಹೊಳೆಯಲಿಲ್ಲ. ಒಂದು ದಿನ ನಡುಹೊಳೆಯಲ್ಲಿ ಗೇರು ಬಿಗಿದು, ಕಾಲು ಮುರಿದು ತಳ ಸೇರಿತು. ತಲೆ ಮಾತ್ರ ಹೂ ಮುಡಿದುಕೊಂಡು ಮೇಲೆ ಉಳಿಯಿತು.

ಇದರಿಂದ ಕಷ್ಟಕ್ಕೆ ಸಿಕ್ಕಿದವಳು ಮಠದ ಅಡುಗೆಯ ತಿಪ್ಪವ್ವ. ಅವಳ ಮೂತ್ರಪಿಂಡ ಕೆಟ್ಟಿತ್ತು. ವಾರಕ್ಕೆರಡು ಸಲ ಆಚೆ ದಡದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು. ಹರಿಗೋಲಿನಲ್ಲಿ ಹೊರಟರೆ ಸೆಳವು ಎಲ್ಲೋ ಕೆಳಗೆ ಒಯ್ದು ಬಿಡುತ್ತಿತ್ತು. ಅಲ್ಲಿಂದ ಆಸ್ಪತ್ರೆಯ ಬಸ್ಸು ನಿಲ್ಲುವಲ್ಲಿಗೆ ನಡೆದು ಬರಲು ಅವಳ ಬಾತ ಕಾಲುಗಳಲ್ಲಿ ಶಕ್ತಿ ಇರಲಿಲ್ಲ.

ಅಜ್ಜಾರು ಅಡಿವೆಪ್ಪನನ್ನು ಕರೆದು ಬೇರೆ ಕಾಲು ಹುಡುಕಿ ತಾ ಎಂದರು. ಅವನು ಹೊರಡುವಾಗ ಒಂದು ಮಾತು ಕೇಳಿದರು.

"ಯಾರಿಗೆ ತರಾಕ ಹೊಂಟೀಯಪಾ?"

"ಮೋಟಾರಿಗ್ರಿ, ಅಜ್ಜಾರ."

ಅಜ್ಜಾರು ಹಣೆ ಚಚ್ಚಿಕೊಂಡು ಒಳಗೆ ಹೋದರು. ಅಡಿವೆಪ್ಪ ಅದನ್ನು ಆಶೀರ್ವಾದ ಎಂದುಕೊಂಡ.

ಆಚೆ ದಡದಲ್ಲಿ ಮೋಟಾರು ರಿಪೇರಿ ಮಾಡುವ ಖಾದರ ಮೇಸ್ತ್ರಿಯ ಶೆಡ್ಡಿನಲ್ಲಿ ಮೂರು ಹಳೇ ಕಾಲುಗಳು ಬಿದ್ದಿದ್ದವು. ಒಂದು ಉದ್ದ, ಒಂದು ಗಿಡ್ಡ. ಮೂರನೆಯದು ತೆಳ್ಳಗಿನದು, ಜೋರಾಗಿ ಓಡುವ ಗೇರಿನದು. ಮೂರೂ ಈ ಮೋಟಾರಿನ ತಲೆಗೆ ಕೂರುತ್ತವೆ, ಯಾವುದು ಬೇಕೋ ಒಯ್ಯಿ ಎಂದ ಮೇಸ್ತ್ರಿ. ಅಡಿವೆಪ್ಪ ಒಂದೊಂದನ್ನೂ ಎತ್ತಿ ನೋಡಿ, ಇಳಿಸಿ, ಮತ್ತೆ ಎತ್ತಿ ನೋಡಿದ. ಮಧ್ಯಾಹ್ನದ ಊಟಕ್ಕೆ ಎದ್ದ ಮೇಸ್ತ್ರಿ ಊಟ ಮುಗಿಸಿ ಬಂದರೂ ಅವನು ಅಲ್ಲೇ ನಿಂತಿದ್ದ. ಸರಿ ಬರದಿದ್ದರೆ ಬದಲಿಸಿ ಕೊಡುತ್ತೇನೆ, ಮೊದಲು ಇಲ್ಲಿಂದ ಹೋಗು ಎಂದು ಮೇಸ್ತ್ರಿ ಕೈ ಮುಗಿದ.

ಅಡಿವೆಪ್ಪ ಬರಿಗೈಯಲ್ಲಿ ಮಠದ ದಡಕ್ಕೆ ಮರಳಿ, ದೋಣಿಯ ಹಲಗೆಯಿಂದ ನೀರಿನವರೆಗೆ ದಾರ ಹಿಡಿದು ಅಳೆದ. ಉದ್ದನೆಯದೇ ಬೇಕೆಂದು ಅಳತೆ ಹೇಳಿತು. ಮತ್ತೆ ಹೋಗಿ ಅದನ್ನೇ ತಂದು ಜೋಡಿಸಿದ.

ಇಲ್ಲಿ ಮಠದ ಒಂದು ಪದ್ಧತಿ ಹೇಳಬೇಕು. ಗಾಡಿಯೋ ದೋಣಿಯೋ, ಹೊಸ ಭಾಗ ಬಿದ್ದರೆ ಪೂಜೆ ಆಗುವವರೆಗೆ ಯಾರೂ ಹತ್ತುವಂತಿಲ್ಲ. ಸರಿಯಾಗಿ ಓಡುತ್ತದೆಂದು ಖಾತ್ರಿ ಆಗದೆ ಪೂಜೆಯೂ ಇಲ್ಲ. ಹಾಗಾಗಿ ಅಡಿವೆಪ್ಪ ಒಬ್ಬನೇ ಓಡಿಸಿ ನೋಡಿದ. ಖಾಲಿ ದೋಣಿ ಸಲೀಸಾಗಿ ಹೋಯಿತು. ಪೂಜೆ ಮಾಡಿ, ಕಾಯಿ ಒಡೆದು, ತಿಪ್ಪವ್ವನನ್ನು ಹತ್ತಿಸಿದ. ಸಂತೆಗೆ ಹೋಗುವ ಬದನೆಕಾಯಿ ಚೀಲಗಳನ್ನೂ ಹೇರಿದ.

ಭಾರಕ್ಕೆ ದೋಣಿ ಕೆಳಗೆ ಕೂತಿತು. ದಡ ಬಿಡುವುದರೊಳಗೆ ಉದ್ದನೆಯ ಕಾಲು ನೀರಡಿಯ ಬಂಡೆಗೆ ಬಡಿದು ಫ್ಯಾನಿನ ಪಿನ್ನು ತುಂಡಾಯಿತು. ಆವತ್ತು ತಿಪ್ಪವ್ವನ ಸರದಿ ತಪ್ಪಿತು. ಸಂಜೆ ಅವಳ ಮುಖ ಊದಿಕೊಂಡು ಕಣ್ಣುಗಳು ಸಣ್ಣಗಾಗಿದ್ದವು. ಇನ್ನೊಂದು ಸರದಿ ತಪ್ಪಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

ಮರುದಿನ ಅಡಿವೆಪ್ಪ ಉದ್ದನೆಯ ಕಾಲನ್ನು ಹೆಗಲ ಮೇಲಿಟ್ಟುಕೊಂಡು ಹರಿಗೋಲಿನತ್ತ ಹೊರಟ. ಅಜ್ಜಾರು ಮತ್ತೆ ಕೇಳಿದರು.

"ಈಗ ಯಾರಿಗೆ ತರತೀ?"

ಅಡಿವೆಪ್ಪ ಯೋಚಿಸಿದ. ಹೋದ ಸಲದ ಉತ್ತರ ತಪ್ಪಾಗಿತ್ತೆಂದು ಅವನಿಗೆ ಗೊತ್ತಾಗಿತ್ತು.

"ದೋಣಿಗ್ರಿ, ಅಜ್ಜಾರ."

"ಹೋಗು. ನನ್ನ ಕಣ್ಮುಂದ ನಿಂದರಬ್ಯಾಡ."

ಅಡಿವೆಪ್ಪ ಗಿಡ್ಡ ಕಾಲು ತಂದ. ಒಳ್ಳೇ ಗಳಿಗೆ ನೋಡಿ ಜೋಡಿಸುವುದರಲ್ಲಿ ಇನ್ನಷ್ಟು ಹೊತ್ತು ಕಳೆದ. ಅಷ್ಟರಲ್ಲಿ ತಿಪ್ಪವ್ವನ ಮುಂದಿನ ಸರದಿಯ ದಿನ ಬಂದೇ ಬಿಟ್ಟಿತು. ಆಚೆ ದಡದಲ್ಲಿ ಆಸ್ಪತ್ರೆಯ ಬಸ್ಸು ಹತ್ತುವ ಜನ ಆಗಲೇ ಸೇರುತ್ತಿದ್ದರು. ಅವಳು ಸೀರೆಯ ಸೆರಗು ಹೊದ್ದು ಹೊಳೆಗಿಳಿಯುವ ಮೆಟ್ಟಿಲ ಮೇಲೆ ಕೂತಿದ್ದಳು. ಉಸಿರಾಡಲೂ ಕಷ್ಟಪಡುತ್ತಿದ್ದಳು.

ಅಡಿವೆಪ್ಪ ಪದ್ಧತಿಯಂತೆ ಒಬ್ಬನೇ ದೋಣಿ ಹತ್ತಿ ಮೋಟಾರಿನ ಹಗ್ಗ ಎಳೆದ. ಮೋಟಾರು ಕಿವಿ ಕಿತ್ತುಹೋಗುವಂತೆ ಕಿರುಚಿತು. ಫ್ಯಾನು ಅರ್ಧ ಗಾಳಿಯಲ್ಲಿ ತಿರುಗಿ ನೀರು ಎರಚಿತೇ ಹೊರತು ದೋಣಿ ಅಲ್ಲಾಡಲಿಲ್ಲ. ಮತ್ತೆ ಎಳೆದ, ಮತ್ತೆ ಅದೇ. ಕೊನೆಗೆ ಇಳಿದು ಬಂದು ಅಜ್ಜಾರ ಎದುರು ಕೈಕಟ್ಟಿ ನಿಂತ.

"ಉದ್ದಂದು ಬಂಡಿಗಲ್ಲಿಗೆ ಬಡೀತೈತ್ರಿ. ಗಿಡ್ಡಂದು ನೀರ ಹಿಡಿಯಂಗಿಲ್ರಿ. ಇನ್ನ ಆ ಜೋರ ಗೇರಿಂದೊಂದು ಉಳದೈತಿ. ಹರಿಗೋಲದಾಗ ಹೋಗಿ ಅದನ್ನ ತರತೀನ್ರಿ."

ಅಜ್ಜಾರು ಕೈಯಲ್ಲಿದ್ದ ಕೋಲು ಬಿಸಾಕಿ, ಮಂಡಿಯ ತನಕ ಬಟ್ಟೆ ಎತ್ತಿಕಟ್ಟಿ ನೀರಿಗಿಳಿದರು.

"ತಿಪ್ಪವ್ವಾ, ಏಳು. ದೋಣಿ ಹತ್ತು."

ಅಡಿವೆಪ್ಪ ಗಾಬರಿಯಾಗಿ ಅಡ್ಡ ನಿಂತ.

"ಇನ್ನೂ ಪೂಜಿ ಆಗಿಲ್ರಿ, ಅಜ್ಜಾರ."

ತಿಪ್ಪವ್ವ ಅವನ ಹೆಗಲು ಹಿಡಿದುಕೊಂಡೇ ದೋಣಿಗೆ ಕಾಲಿಟ್ಟಳು.

"ನಾ ಸತ್ತ ಮ್ಯಾಲ ಪೂಜಿ, ತಿಥಿ ಎರಡೂ ಕೂಡೇ ಮಾಡೀಯಂತ, ಅತ್ತಾಗ ಸರಿ."

ಅಜ್ಜಾರು ದೋಣಿಯಲ್ಲಿಟ್ಟಿದ್ದ ಪೂಜೆಯ ತಟ್ಟೆಯಿಂದ ವಿಭೂತಿ ತೆಗೆದುಕೊಂಡರು. ಅಡಿವೆಪ್ಪ ಮೋಟಾರಿನ ಮುಚ್ಚಳದ ಧೂಳು ಒರೆಸಿ ಜಾಗ ಮಾಡಿಕೊಟ್ಟ. ಅಜ್ಜಾರು ಅವನ ಕೈ ಸರಿಸಿ, ವಿಭೂತಿಯನ್ನು ತಿಪ್ಪವ್ವನ ಹಣೆಗೆ ಹಚ್ಚಿದರು. ಬದನೆಕಾಯಿ ಚೀಲಗಳನ್ನು ಹಾಕಿಸಿ, ತಾವೂ ಹತ್ತಿ ಅವಳ ಪಕ್ಕ ಕೂತರು. ದೋಣಿಯ ಹಿಂಭಾಗ ಗೇಣಿನಷ್ಟು ಕೆಳಗಿಳಿಯಿತು.

"ಎಳಿ ಹಗ್ಗ."

"ಅದು ನೀರ ಹಿಡಿಯಂಗಿಲ್ರಿ. ನಾ ಈಗಷ್ಟ..."

"ಎಳಿಯೋ."

ಅಡಿವೆಪ್ಪ ಕಣ್ಣು ಮುಚ್ಚಿ ಹಗ್ಗ ಎಳೆದ.

ಈ ಸಲ ಮೋಟಾರು ಕಿರುಚಲಿಲ್ಲ. ಗುಡುಗುಡು ಎಂದು ತಗ್ಗಿದ ದನಿಯಲ್ಲಿ ಶುರುವಾಯಿತು. ಫ್ಯಾನು ಪೂರ್ತಿ ನೀರೊಳಗಿತ್ತು. ಆದರೂ ಗಿಡ್ಡ ಕಾಲು ಬಂಡೆಗಳ ಮೇಲೆಯೇ ದಾಟಿತು, ಎಲ್ಲಿಯೂ ತಾಗಲಿಲ್ಲ. ನಡುಹೊಳೆಯ ಸೆಳವಿನಲ್ಲಿ ದೋಣಿ ಒಂದಿಷ್ಟು ಓಲಾಡಿ, ಮೂತಿ ತಿರುಗಿಸಿಕೊಂಡು ನೆಟ್ಟಗೆ ಬಸ್ಸಿನ ಕಡೆಗೆ ಹೊರಟಿತು. ತಿಪ್ಪವ್ವ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದಳು. ಅಡಿವೆಪ್ಪನಿಗೆ ಸಂತೋಷಕ್ಕೂ ನಾಚಿಕೆಗೂ ಅಳು ಬಂತು. ಆದರೂ ಕೇಳದೆ ಇರಲಾರ, ಅವನ ಹಣೆಬರಹವೇ ಅದು.

"ಅಜ್ಜಾರ, ಖಾಲಿ ದೋಣ್ಯಾಗ ನೋಡಿದರ ಉದ್ದಂದು ಸರಿ ಇತ್ತು, ಗಿಡ್ಡಂದು ತಪ್ಪಿತ್ತು. ನಾ ದಾರ ಹಿಡದು ಅಳದೀನ್ರಿ. ಅಳತಿ ಹೆಂಗ ತಪ್ಪಿತ್ರಿ?"

ಅಜ್ಜಾರು ತಿಪ್ಪವ್ವನ ಕಾಲ ಮೇಲೆ ನೀರು ಸಿಡಿಯದಂತೆ ತಮ್ಮ ಶಲ್ಯ ಹೊದಿಸುತ್ತಿದ್ದರು. ತಿರುಗಿ ನೋಡಲಿಲ್ಲ.

"ಖಾಲಿ ದೋಣಿ ಎಲ್ಲಿಗೆ ಹೋಗಬೇಕಾಗಿತ್ತಪಾ?"