ಪಾಲಯ್ಯನ ಅಗಲ ಅಲಗು

ಪಾಲಯ್ಯನೆಂಬ ಬಿಲ್ಲುಗಾರನಿದ್ದ. ಅವನು ಹಾರುವ ಸೊಳ್ಳೆಯ ಎಡಮೀಸೆಗೆ ಹೊಡೆದರೆ ಬಲಮೀಸೆಗೆ ಗಾಳಿಯೂ ತಾಗುತ್ತಿರಲಿಲ್ಲ. ನಂಬದವರು ಆ ಸೊಳ್ಳೆಯನ್ನೇ ಕೇಳಬಹುದು. ದಿನಾ ಸಂಜೆ ಹುಲ್ಲಿನ ಕಂತೆಗೆ ಬಾಣ ಬಿಟ್ಟು ಕೈ ಪಳಗಿಸುತ್ತಿದ್ದ. ಆ ಬಾಣಗಳಿಗೆ ಮುಳ್ಳಿನಂಥ ಸಣ್ಣ ಮೊನೆ.

ಆ ವರ್ಷ ಅವನ ಗೆಣಸಿನ ಹೊಲಕ್ಕೆ ಒಂದು ಒಂಟಿ ಹಂದಿ ನುಗ್ಗತೊಡಗಿತು. ಎಂಥ ಹಂದಿ ಅಂತೀರಿ, ಮುಂಗಾಲು ಹೊಲಕ್ಕೆ ಬಂದರೂ ಹಿಂಗಾಲು ಇನ್ನೂ ಪಕ್ಕದೂರಲ್ಲೇ ಇರುತ್ತಿತ್ತು. ಅರ್ಧ ಹೊಲ ಆಗಲೇ ಅದರ ಹೊಟ್ಟೆ ಸೇರಿತ್ತು. ಉಳಿದರ್ಧವೇ ಮನೆಮಂದಿಯ ಬೇಸಿಗೆಯ ಊಟ.

ಪಾಲಯ್ಯ ಕಮ್ಮಾರನಲ್ಲಿಗೆ ಹೋಗಿ, ಇದ್ದುದರಲ್ಲೇ ಅಗಲವಾದ ಅಲಗು ಆರಿಸಿದ. ವೀಳ್ಯದೆಲೆಯಷ್ಟು ಅಗಲ, ಕೂದಲು ಸೀಳುವ ಹರಿತ. ಬಾಣಕ್ಕೆ ಬಿಗಿದು ಗೂಡಿನಲ್ಲಿ ಜೋಪಾನವಾಗಿಟ್ಟ.

ಹೆಂಡತಿ ಸೂರಮ್ಮ ಕೇಳಿದಳು: “ಒಂದ್ಸಲ ಕಂತೆಗೆ ಹೊಡೆದು ನೋಡಬಾರದಾ?”

“ಹುಲ್ಲಿಗೆ ಹೊಡೆದು ಹರಿತ ಕಳೀಲಾ? ನನ್ನ ಕೈ ನಿಂಗೆ ಗೊತ್ತಿಲ್ವೇನೇ?”

“ಕೈ ಗೊತ್ತು. ಅಲಗು ಗೊತ್ತಿಲ್ಲ.”

ಮಾರನೆಯ ಸಂಜೆ ಹಂದಿ ಬಂತು. ಹುಣಸೆಮರದ ಮರೆಯಿಂದ ಪಾಲಯ್ಯ ಬಾಣ ಬಿಟ್ಟ. ಅಗಲ ಅಲಗು ಗಾಳಿಗೆ ಸಿಕ್ಕಿ ಎಡಕ್ಕೆ ಹೊರಳಿತು. ಬೇಲಿಗೆ ಹಬ್ಬಿದ್ದ ಸೂರಮ್ಮನ ಕುಂಬಳಕಾಯಿ ನೀಟಾಗಿ ಎರಡು ಹೋಳಾಯಿತು. ಹಂದಿ ತಲೆಯೆತ್ತುವಷ್ಟರಲ್ಲಿ ಪಾಲಯ್ಯ ಮರದ ಮೇಲಿದ್ದ. ಅದು ಒಮ್ಮೆ ಅವನನ್ನು ನೋಡಿತು, ಒಮ್ಮೆ ಕುಂಬಳವನ್ನು ನೋಡಿತು. ಎರಡು ಹೋಳನ್ನೂ ಮುಗಿಸಿ, ಮೇಲಿಷ್ಟು ಗೆಣಸು ತಿಂದು, ಊಟಕ್ಕೆ ಕರೆದ ನೆಂಟನ ಹಾಗೆ ನಿಧಾನವಾಗಿ ಹೊರಟಿತು.

ಮನೆಗೆ ಬಂದವನಿಗೆ ಸೂರಮ್ಮ ಇಷ್ಟೇ ಅಂದಳು: “ಹರಿತ ಹೋದರೆ ಸಾಣೆಕಲ್ಲಿದೆ. ಹೊಲ ಹೋದರೆ ಏನಿದೆ?”

ಬೆಳಗಾಗುತ್ತಲೇ ಪಾಲಯ್ಯ ಆ ಅಲಗನ್ನು ಹುಡುಕಿ ತಂದು ಕಂತೆಗೆ ಹೊಡೆದ. ಎಡಕ್ಕೇ ಹೋಯಿತು. ಮತ್ತೆ ಹೊಡೆದ. ಮತ್ತೆ ಎಡಕ್ಕೇ. ಕಮ್ಮಾರನಿಗೆ ಅದನ್ನು ಕೊಟ್ಟು ಕಿರಿದಾದ ಅಲಗು ತಂದ. ಹೊಡೆದ, ಮೊಂಡಾಯಿತು, ಮಸೆದ, ಮತ್ತೆ ಹೊಡೆದ. ಕಂತೆಯ ನಡುವಿಗೆ ತಪ್ಪದೆ ನೆಡುವ ತನಕ ಬಿಡಲಿಲ್ಲ. ಹಂದಿ ಮತ್ತೆ ಬಂದಾಗ ಒಂದೇ ಬಾಣ ಸಾಕಾಯಿತು. ಮಿಕ್ಕ ಹೊಲ ಉಳಿಯಿತು.

ಊರವರಿಗೆ ಪಾಲು ಹಂಚುತ್ತಾ ಪಾಲಯ್ಯ ಮೀಸೆ ತಿರುವಿದ. “ಕಣ್ಣು ಮುಚ್ಚಿ ಹೊಡೆದೆ ಕಣ್ರಪ್ಪಾ.”

“ಅದು ನಿಜ,” ಅಂದಳು ಸೂರಮ್ಮ. “ಕುಂಬಳಕಾಯಿಗೆ.”

ನೀತಿ: ಹರಿತ ಕೆಟ್ಟೀತೆಂದು ಪರೀಕ್ಷಿಸದೆ ಇಟ್ಟ ಆಯುಧ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಯಾವುದನ್ನು ಕೆಲಸಕ್ಕೆ ಒಯ್ಯುತ್ತೀರೋ, ಅದರಲ್ಲೇ ಕೈ ಪಳಗಿಸಿಕೊಳ್ಳಿ.